ಸೆರಗಿನಲ್ಲಿ ಸೋಸಿದ ಸ್ಯಾಂಪಲ್

ನಮ್ಮ ಓಣಿಯ ಬಾವಿ ಕೆರೆಯ ಏರಿಯಿಂದ ಇಪ್ಪತ್ತು ಹೆಜ್ಜೆ ಕೆಳಗಿದೆ. ಏರಿಯ ಆಚೆ, ಕೆರೆಯ ದಂಡೆಯಲ್ಲೇ, ಊರ ಗಟಾರದ ನೀರು ಶುದ್ಧ ಮಾಡುವ ಘಟಕವಿದೆ. ಅದರ ಹೊಂಡಕ್ಕೆ ಗಾಳಿ ಊದುವ ಯಂತ್ರ ಕೆಟ್ಟು ನಿಂತ ಮೇಲೆ ಒಳಗೆ ಹೋದ ನೀರು ಹೋದ ಹಾಗೆಯೇ ಹೊರಬಂದು ಕೆರೆಗೆ ಬೀಳತೊಡಗಿತು. ಬಾವಿಯ ನೀರಿಗೆ ವಾಸನೆ ಬಂತು. ಓಣಿಯವರು ಅದನ್ನು ಕುಡಿಯುವುದು ಬಿಟ್ಟು ದೂರದ ನಲ್ಲಿಯಿಂದ ಕೊಡ ಹೊತ್ತರು. ನಾನು ಪುರಸಭೆಗೆ ಅರ್ಜಿ ಬರೆದೆ. ಮತ್ತೆ ಬರೆದೆ. ಪ್ರತಿ ಸಲವೂ ಅದೇ ಉತ್ತರ: ಮೊದಲು ಪರೀಕ್ಷೆಯಾಗಲಿ, ನೀರು ಹೊಲಸೆಂದು ವರದಿ ಬಂದರೆ ರಿಪೇರಿ.

ಕೊನೆಗೂ ಸ್ಯಾಂಪಲ್ ಒಯ್ಯಲು ಒಬ್ಬ ಅಧಿಕಾರಿ ಬಂದರು. ನೀರು ಹೊರಬೀಳುವ ಪೈಪಿನ ಬಳಿ ಬರೀ ಕೆಸರು. ಅವರು ಬಾಟಲಿ, ಮಗ್ಗು ಹಿಡಿದು ಮೇಲೆಯೇ ನಿಂತು, "ಯಾರರ ಇಳೀರಿ" ಎಂದರು. ನನ್ನ ಮೊಣಕಾಲು ಅಷ್ಟು ಬಾಗುವುದಿಲ್ಲ. ಸರಸಂಬಾದಿಂದ ಎಂದೋ ನಮ್ಮ ಓಣಿಗೆ ಸೊಸೆಯಾಗಿ ಬಂದು ಈಗ ಅಜ್ಜಿಯಾಗಿರುವ ನೆರೆಮನೆಯಾಕೆ ಸೀರೆ ಎತ್ತಿ ಕಟ್ಟಿದಳು.

"ಕೊಡ್ರಿ ಇಲ್ಲಿ. ನೀವು ಬೂಟು ನೋಡ್ಕೋತ ನಿಂತ್ರ ಸಂಜಿ ಆಗ್ತದ."

ಮುಂದಿನದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಆಕೆ ಮಗ್ಗನ್ನು ಪೈಪಿಗೆ ಹಿಡಿದಳು. ಬಾಟಲಿಯ ಬಾಯಿಗೆ ಸೆರಗನ್ನು ಎರಡು ಮಡಿಕೆ ಮಾಡಿ ಇಟ್ಟಳು. ನಿಧಾನವಾಗಿ ಸುರಿದಳು. ಸೆರಗಿನ ಮೇಲೆ ಕರಿ ರಾಡಿ ಉಳಿಯಿತು. ಅದನ್ನು ಝಾಡಿಸಿ ಮತ್ತೆ ಸುರಿದಳು. ಅಧಿಕಾರಿ ಆ ಹೊತ್ತಿಗೆ ಫೋನಿನಲ್ಲಿದ್ದರು. ನಾನು ನೋಡುತ್ತಲೇ ಇದ್ದೆ. ತಡೆಯಲಿಲ್ಲ. ತಪ್ಪು ನಡೆಯುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಕೊಡದ ಬಾಯಿಗೆ ಬಟ್ಟೆ ಹಿಡಿಯದೆ ನೀರು ತುಂಬುವ ಹೆಂಗಸನ್ನು ನಾನು ಈ ಓಣಿಯಲ್ಲಿ ಕಂಡೇ ಇಲ್ಲ. ಸ್ಯಾಂಪಲ್ ಸರಿಯಾಗಿ ತುಂಬಿದ್ದಾರೆ ಎಂಬ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದೆ.

ವರದಿ ಬಂತು. ನೀರಿನಲ್ಲಿ ತೇಲುವ ಹೊಲಸು ಮಿತಿಯೊಳಗಿದೆ, ಸದ್ಯ ರಿಪೇರಿ ಬೇಡ. ಎರಡನೆಯ ಸಲ ಓದುವಾಗ ಆ ಸೆರಗು ಕಣ್ಣಿಗೆ ಕಟ್ಟಿತು.

ಪುರಸಭೆ ಆಫೀಸಿಗೆ ಹೋಗಿ ಗುಮಾಸ್ತರಿಗೆ ಎಲ್ಲ ಹೇಳಿದೆ.

"ಸಹಿ ನಿಮ್ದೇ ಅಲ್ರಿ, ಮಾಸ್ತರ?"

"ನಂದೇ."

"ಅವತ್ತು ಸರಿ ಅದ ಅಂದ್ರಿ. ಇವತ್ತು ಸುಳ್ಳಂತೀರಿ. ಯಾವ್ದು ನಂಬಬೇಕ್ರಿ ನಾವು?"

"ಈಗ ಹೇಳಾಕತ್ತಿದ್ದು ನಂಬ್ರಿ."

"ಹಂಗಾದ್ರ ಇನ್ನೊಂದು ಅರ್ಜಿ ಕೊಡ್ರಿ."

ಅಲ್ಲೇ ಕುಳಿತು ಬರೆದೆ: ನೀರು ಸೋಸಿದ್ದನ್ನು ನಾನು ಕಂಡಿದ್ದೇನೆ, ಕಂಡೂ ಸಹಿ ಹಾಕಿದ್ದೇನೆ, ಮತ್ತೆ ಪರೀಕ್ಷಿಸಬೇಕು. ಆಕೆಯ ಹೆಸರು ಬರೆಯಲಿಲ್ಲ. ಅರ್ಜಿಗೆ ಠಸ್ಸೆ ಬಿತ್ತು. ಯಾವಾಗ ಬರುತ್ತಾರೆ ಎಂದು ಕೇಳಿದೆ. "ಬರ್ತಾರ" ಎಂದರು.

ಓಣಿಗೆ ಮರಳಿದಾಗ ಬಾವಿಯ ಗಡಗಡಿ ತಿರುಗುತ್ತಿತ್ತು. ವರದಿಯ ಸುದ್ದಿ, 'ನೀರು ಛಲೋ ಅದ' ಎಂದಾಗಿ, ನನಗಿಂತ ಮೊದಲೇ ಓಣಿಗೆ ಮುಟ್ಟಿತ್ತು. ನೆರೆಮನೆಯಾಕೆಯೇ ನೀರು ಸೇದುತ್ತಿದ್ದಳು.

"ಕುಡಿಬ್ಯಾಡವ್ವ, ಆ ರಿಪೋರ್ಟ್ ತಪ್ಪದ. ನೀ ನೀರು ಸೋಸಿದ್ದಿ. ನಾ ನೋಡ್ಕೋತ ನಿಂತಿದ್ದೆ."

"ಸೋಸದ ನೀರು ಮಂದಿ ಕೈಯಾಗ ಹ್ಯಾಂಗ ಕೊಡ್ಲಿ ಮಾಸ್ತರ?" ಎಂದಳು. ಆಮೇಲೆ ಸೇದಿದ ಕೊಡವನ್ನು ಕೆಳಗಿಟ್ಟಳು. "ಮೊಮ್ಮಗಳು ಮುಂಜಾನಿಂದ ಇದೇ ಕುಡ್ದಾಳ."

ನಾನು ಗಡಗಡಿಯಿಂದ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೊರಟೆ. ಮೊದಲನೆಯ ಬಾಗಿಲಲ್ಲೇ ಕೇಳಿದರು:

"ನೀರು ಛಲೋ ಅದ ಅಂತ ಸಹಿ ಮಾಡಿದವ್ರು ನೀವೇ ಅಲ್ರಿ?"