ಕಲ್ಲು ತಿನ್ನುವವರ ಅಳು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ. ಕಿಟಕಿಯ ಕೆಂಧೂಳು ಒರೆಸಿದೆ, ಜೋಳದ ಹಿಟ್ಟು ಜರಡಿ ಹಿಡಿದೆ, ಹೆಸರುಕಾಳು ನೆನೆಯಿಟ್ಟೆ, ಒಲೆಕಟ್ಟೆ ತಿಕ್ಕಿದೆ. ಅಷ್ಟರಲ್ಲಿ ಗಣಿಯ ಊರು ವಡ್ಡಿನಿಂದ ಅಕ್ಕ ಬಂದಳು, ಜೊತೆಗೆ ಅವಳ ನಾದಿನಿಯೂ. ಹೊಸಪೇಟೆಯಲ್ಲಿ ಮ್ಯಾಟಿನಿಗೆ ಹೋಗುವುದಿತ್ತು.

ಅಕ್ಕ ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ನನ್ನ ಅಳು ಇರ್ತದಲ್ಲೇ ಅದ್ರಾಗ?"

"ಇರ್ತದ. ಮೊದ್ಲು ಕುಂದ್ರು, ನೀರು ಕುಡಿ."

ಹೋದ ವರ್ಷ ಕಮಲಾಪುರದ ಆಚೆಯ ಬಂಡೆಗಳ ನಡುವೆ ಹೊರಗಿನವರ ಸಿನಿಮಾವೊಂದರ ಶೂಟಿಂಗ್ ನಡೆದಿತ್ತು. ಬೇರೆ ಲೋಕದ ಜೀವಿಗಳಾಗಿ ನಿಲ್ಲಲು ಹೆಂಗಸರು ಬೇಕಿತ್ತು. ನಾನೂ ಅಕ್ಕನೂ ಹೋದೆವು. ಆ ಜೀವಿಗಳ ಹೆಸರು ಝಿರು. ಅವರ ಲೋಕದಲ್ಲಿ ಮಳೆಯಿಲ್ಲ, ಅವರು ಕಲ್ಲು ತಿಂದು ಬದುಕುತ್ತಾರೆ ಎಂದು ಕನ್ನಡಕದ ಹುಡುಗಿಯೊಬ್ಬಳು ವಿವರಿಸಿದಳು. ಕೈಕಾಲಿಗೆ ಕೆಮ್ಮಣ್ಣು ಬಳಿದು, ಮೂರು ಕಣ್ಣಿನ ರಬ್ಬರ್ ಮುಖವಾಡ ಹಾಕಿದರು.

"ಕಲ್ಲು ತಿಂತಾರಂತ, ಮೈತುಂಬ ಕೆಂಧೂಳಂತ. ಕತಿ ಬರದಾತ ನಮ್ಮ ವಡ್ಡಿಗೆ ಬಂದು ನೋಡ್ಕೊಂಡು ಹೋಗ್ಯಾನೇನ್ ಲೇ?" ಎಂದಳು ಅಕ್ಕ. ನಕ್ಕು ನಕ್ಕು ನನ್ನ ಮುಖವಾಡ ಜಾರಿತು.

ಆಮೇಲೆ ರಬ್ಬರಿನ ಹೆಣವೊಂದನ್ನು ತಂದು ಮಲಗಿಸಿದರು. "ನಿಮ್ಮ ನಾಯಕ ಸತ್ತಿದ್ದಾನೆ, ಅಳಿ. ಮಾತು ಯಾವುದಾದರೂ ಸರಿ, ದನಿಯನ್ನು ಆಮೇಲೆ ನಾವು ಬದಲಿಸುತ್ತೇವೆ," ಎಂದಳು ಹುಡುಗಿ.

ನಮ್ಮ ಕಡೆ ಬರಿದೇ ಕಣ್ಣೀರು ಹಾಕಿದರೆ ಅದು ಅಳುವಲ್ಲ. ಹೆಣದ ಮುಂದೆ ಕೂತು, ಸತ್ತವರು ಹೇಗೆ ಉಂಡರು, ಹೇಗೆ ನಡೆದರು ಎಂದು ಹಾಡ್ಯಾಡಿ ಅಳಬೇಕು. ಉಳಿದ ಹೆಂಗಸರು ಸಾಲಿನ ಕೊನೆಗೆ ದನಿ ಕೂಡಿಸಬೇಕು. ಭಾವ ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುತ್ತಿದ್ದರು, ಕೆಮ್ಮಿ ಕೆಮ್ಮಿ ತೀರಿಹೋಗಿದ್ದರು. ಅವತ್ತು ಅವರ ಹೆಣದ ಮುಂದೆ ಅಕ್ಕನಿಗೆ ದನಿಯೇ ಹೊರಡಲಿಲ್ಲ. "ಗಂಡ ಸತ್ರೂ ಬಾಯಿ ಬಿಡವಲ್ಲಳು, ಎಂಥಾ ಗಟ್ಟಿ ಹೆಂಗಸವ್ವಾ," ಎಂದು ಇದೇ ನಾದಿನಿ ಎಲ್ಲರೆದುರು ಅಂದಳು. ಆ ಮಾತು ಅಕ್ಕನ ಎದೆಯಲ್ಲಿ ಹಾಗೇ ಕೂತುಬಿಟ್ಟಿತ್ತು.

ಬಂಡೆಗಳ ನಡುವೆ, ಮುಖವಾಡದೊಳಗೆ, ಅವಳ ದನಿ ಹೊರಟಿತು.

"ಕೈ ತೊಳೀದ ರೊಟ್ಟಿ ಮುರೀತಿದ್ಯಲ್ಲೋ ನನ್ನ ರಾಜಾ... ಕೆಮ್ಮು ಬಂದ್ರ ಗ್ವಾಡಿ ಕಡಿ ಮಾರಿ ಮಾಡ್ತಿದ್ಯಲ್ಲೋ..."

ಮೂರು ಕಣ್ಣಿನ ನಾವೆಲ್ಲ ದನಿ ಕೂಡಿಸಿದೆವು. ಅವರು ಕಟ್ ಎಂದರೂ ಅಕ್ಕ ನಿಲ್ಲಿಸಲಿಲ್ಲ. ಮನೆಗೆ ಬರುವಾಗ, "ಈಗ ಹಗುರಾತು ನೋಡು. ಆಕೀಗೂ ಒಮ್ಮೆ ಕೇಳಸ್ತೀನಿ," ಅಂದಿದ್ದಳು. ಅದಕ್ಕೇ ನಾದಿನಿಯನ್ನು ಕರೆತಂದದ್ದು. "ನಿಮ್ಮಣ್ಣಗ ಅತ್ತೀನಿ, ಕೇಳುವಂತಿ ಬಾ," ಎಂದಷ್ಟೇ ಹೇಳಿದ್ದಳಂತೆ; ಝಿರು ವೇಷದ ಮಾತು ಎತ್ತಿರಲಿಲ್ಲ.

ಪರದೆಯ ಮೇಲೆ ನಮ್ಮವೇ ಬಂಡೆಗಳು, ಮೇಲೆ ನೇರಳೆ ಆಕಾಶ. ಝಿರುಗಳು ಹೆಣದ ಸುತ್ತ ನಿಂತವು. ಅಕ್ಕ ನನ್ನ ಕೈ ಹಿಡಿದಳು. ಕೇಳಿದ್ದು ಕೋಳಿಮರಿಗಳ ಚಿಂವ್‌ಚಿಂವ್. ಅಕ್ಕನ ದನಿಯನ್ನೇ ವೇಗವಾಗಿ ಓಡಿಸಿ, ತೆಳ್ಳಗೆ ಮಾಡಿದ್ದರು; ಸಾಲಿನ ಕೊನೆಯ ಎಳೆತದಿಂದ ನನಗೆ ಗುರುತು ಸಿಕ್ಕಿತು. ಹೀರೋ ಎರಡೂ ಕಿವಿ ಮುಚ್ಚಿಕೊಂಡು ಮುಖ ಸಿಂಡರಿಸಿದ. ಟಾಕೀಸೆಲ್ಲ ನಕ್ಕಿತು. ನಾದಿನಿ ಬಾಯಿಗೆ ಸೆರಗು ಒತ್ತಿ ನಕ್ಕಳು.

ಸಿನಿಮಾ ಮುಗಿದ ಮೇಲೆ ಕೇಳಿದಳು, "ಅತ್ತಿಗೀ, ನೀವು ಅತ್ತದ್ದು ಬರ್ಲೇ ಇಲ್ಲಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಅದುಮಿದಳು. "ತಗದಿರಬೇಕವ್ವಾ," ಎಂದಳು.

ರಾತ್ರಿಗೆ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. "ಏನ ಅನ್ರಿ, ಆ ಕಲ್ಲು ತಿನ್ನೋರು ಅಳೋದು ಮಸ್ತ್ ಇತ್ತು," ಎನ್ನುತ್ತ ನಾದಿನಿ ಚಿಂವ್‌ಚಿಂವ್ ಎಂದು ತೋರಿಸಿದಳು. ಅಕ್ಕ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ತಾನು ಮೊಸರಿಗೆ ಅರ್ಧ ರೊಟ್ಟಿ ಮುರಿದು, ಅದನ್ನೂ ಪೂರ್ತಿ ತಿನ್ನಲಿಲ್ಲ. ನಾದಿನಿ ಎಲ್ಲರಿಗಿಂತ ಮೊದಲು ಮಲಗಿ ಗೊರಕೆ ಹೊಡೆದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳಿಗೆ ಯಾವಾಗ ನಿದ್ದೆ ಬಂತೋ ನನಗೆ ತಿಳಿಯಲಿಲ್ಲ.