ಬಾಗಲೂರು ಕೆರೆಯಲ್ಲಿ ಕೊರಮೀನಿನ ಕಾವಲು

1946ರ ಅಕ್ಟೋಬರ್ 12, ಶನಿವಾರ ಬೆಳಿಗ್ಗೆ ಆರೂವರೆಗೆ ಕೃಷ್ಣಗಿರಿಯಿಂದ ಹೊರಟೆ. ಕೊರಮೀನು ತನ್ನ ಮರಿಗಳನ್ನು ಕಾಯುತ್ತದೆಂದು ಬಾಗಲೂರಿನ ನನ್ನ ದೊಡ್ಡಪ್ಪನ ಮಗ ನರಸಿಂಹ ಇದೇ ಪತ್ರಿಕೆಗೆ ಬರೆದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅವನದೇ ಹೊಗಳಿಕೆ. ನನಗಿಂತ ಎರಡು ತಿಂಗಳಿಗೆ ಚಿಕ್ಕವನು. ಮಳೆ, ಹಕ್ಕಿ, ಮೀನುಗಳ ಲೆಕ್ಕವನ್ನು ವರ್ಷಗಳಿಂದ ಬರೆದಿಡುತ್ತಿರುವವನು ನಾನು. ಅಚ್ಚಾದದ್ದು ಅವನ ಹೆಸರು. ಕೊರಮೀನು ಕಾಯುವುದಿಲ್ಲ, ಮರಿಗಳನ್ನು ತಿನ್ನಲು ಹೊಂಚು ಹಾಕುತ್ತದೆ ಎಂದು ತೋರಿಸಿಕೊಡಲೆಂದೇ ಗಾಳ ಕಟ್ಟಿಕೊಂಡು ಹೊರಟಿದ್ದೆ.

ಇದ್ದಿಲ ಅನಿಲದಿಂದ ಓಡುವ ಬಸ್ಸು ಶೂಳಗಿರಿಯ ಏರಿನಲ್ಲಿ ಎರಡು ಸಲ ನಿಂತಿತು. ಹೊಸೂರಿನಿಂದ ಬಾಗಲೂರಿಗೆ ಆರು ಮೈಲಿ, ತುಂತುರಿನಲ್ಲಿ ಎತ್ತಿನ ಗಾಡಿ. ದೊಡ್ಡಮ್ಮ ಮುದ್ದೆ, ಹುರುಳಿ ಸಾರು ಬಡಿಸಿ, "ನಮ್ ನರಸಿಂಹ ಬರ್ದಿದ್ದು ಓದ್ದೇನಪ್ಪ?" ಎಂದರು. ನಾನು ಇನ್ನೊಂದು ಸೌಟು ಸಾರು ಕೇಳಿದೆ.

ನರಸಿಂಹನೇ ಕೆರೆಗೆ ಕರೆದೊಯ್ದ. ಜೊಂಡಿನ ನಡುವೆ ಮೊರದಗಲದ ಕೆಂಪು ಮರಿಗಳ ಹಿಂಡು ಗಾಳಿ ಎಳೆದುಕೊಳ್ಳಲು ಮೇಲೆದ್ದು ಮುಳುಗುತ್ತಿತ್ತು. ಅದರ ಕೆಳಗೆ ಮೊಳದುದ್ದದ ಕಪ್ಪು ಮೀನು ಅಲುಗದೆ ನಿಂತಿತ್ತು. ಇಲ್ಲಿಯವರು ಗಾಳಕ್ಕೆ ಕಪ್ಪೆ ಚುಚ್ಚಿ ಇಂಥ ಮರಿಗಳ ನಡುವೆಯೇ ಇಳಿಬಿಡುತ್ತಾರೆ. ದೊಡ್ಡ ಮೀನು ತಪ್ಪದೆ ಕಚ್ಚುತ್ತದೆ. ನಾನೂ ಒಂದು ಕಪ್ಪೆ ಹಿಡಿದೆ.

"ಹಸ್ದು ಕಾಯ್ತೈತೆ ಕಣ್ಲಾ. ಹೊಟ್ಟೆ ಸೀಳಿದ್ರೆ ಮರಿ ಸಿಕ್ತವೆ, ನೋಡ್ತಿರು," ಎಂದೆ.

"ಸೀಳ್ಬುಟ್ಟು, ಆಮೇಕೆ ಮರಿಗಳ್ನ ನೀನ್ ಕಾಯ್ತೀಯೇನ್ಲಾ, ನೀರಾಗೆ ಕುಂತ್ಕಂಡು?" ನರಸಿಂಹ ನಗುತ್ತಲೇ ಗಾಳ ಕಿತ್ತುಕೊಂಡ. "ಬರೀ ದಾರಕ್ಕೆ ಕಟ್ಟು. ಹಸಿವಾಗಿದ್ರೆ ನುಂಗ್ತೈತೆ."

ಕಟ್ಟಿ ಬಿಟ್ಟೆ. ಮೀನು ನುಗ್ಗಿ ಬಂದು ಕಪ್ಪೆಯನ್ನು ಕಚ್ಚಿ ಉಗುಳಿತು. ಮತ್ತೆ ಮರಿಗಳ ಕೆಳಗೆ ಹೋಗಿ ನಿಂತಿತು. ಇನ್ನೊಮ್ಮೆ ಬಿಟ್ಟೆ, ಹಾಗೆಯೇ ಆಯಿತು. ಮರಿಗಳಿಂದ ನಾಲ್ಕು ಮಾರು ಆಚೆ ಬಿಟ್ಟಾಗ ತಿರುಗಿಯೂ ನೋಡಲಿಲ್ಲ. ಹಸಿದ ಮೀನು ಹಾಗೆ ಮಾಡುವುದಿಲ್ಲ.

"ಬರ್ಕೊಂಡ್ಯಾ?" ಎಂದ ನರಸಿಂಹ. "ಕಪ್ಪೆ ಹಿಡ್ದೋನು ನೀನು. ನಿನ್ ಹೆಸ್ರಲ್ಲೇ ಕಳ್ಸು."

ಅವನು ಹಂಗಿಸಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಭಾನುವಾರ ಸಂಜೆ ಮನೆ ಸೇರಿದೆ. ಬರೀ ದಾರ ಸಾಕೆಂದು ಹೊಳೆದದ್ದು ನರಸಿಂಹನಿಗೆ; ಅದನ್ನು ಬರೆಯದೆ ಬಿಡಲು ನೋಡಿದೆ, ಆಗಲಿಲ್ಲ. ಒಂದು ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಹಾಗೆ ಕಾಯುತ್ತಿದ್ದದ್ದು ತಾಯಿ ಎನ್ನುತ್ತಾನೆ ಅವನು. ತಂದೆ ಎನ್ನುತ್ತೇನೆ ನಾನು. ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಬೇಕು. ಅವನು ಹೇಳಿದ್ದೇ ಸರಿಯಾದರೂ ಆಗಲಿ, ಕಾಗದ ಮಾತ್ರ ಮೊದಲು ನನಗೆ ಬರಲಿ.