ಕಡೇ ಖೋಲಿಯ ರೊಟ್ಟಿ ಸಪ್ಪಳ

ದೆವ್ವ ಕಂಡೆ, ಭೂತ ಮಾತಾಡಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ರಾಯಚೂರಿನ ಹಾಸ್ಟೆಲಿನಲ್ಲಿ ಓದುವಾಗ ಹಿತ್ತಲಿನ ಹುಣಸೆ ಮರದ ಹತ್ತಿರ ಹೊತ್ತು ಮುಳುಗಿದ ಮೇಲೆ ಒಬ್ಬ ಹುಡುಗನೂ ಸುಳಿಯುತ್ತಿರಲಿಲ್ಲ. ನಾನು ಆ ಮರಕ್ಕೇ ಹಗ್ಗ ಕಟ್ಟಿ ಬಟ್ಟೆ ಒಣಗಹಾಕುತ್ತಿದ್ದೆ. ನನ್ನ ಅಂಗಿ ಯಾರೂ ಕದಿಯುತ್ತಿರಲಿಲ್ಲ ಎಂಬುದೊಂದು ಲಾಭ. ನಮ್ಮೂರು ಮಸರಕಲ್. ನಮ್ಮದು ಕೂಲಿನಾಲಿ ಮಾಡಿ ಬದುಕಿದ ಮನೆತನ. ಓಣಿಯ ಗೋಡೆಗಳ ಮೇಲೆ ಬುದ್ಧನ ಫೋಟೋ ಬಂದ ಮೇಲೆ ತಾಯಿತ ಕಟ್ಟುವುದು, ಮೈಮೇಲೆ ಬರುವುದು ನಮ್ಮಲ್ಲಿ ಕಡಿಮೆಯಾಗಿದ್ದವು. ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದಿ ಇವನೊಬ್ಬ ಅಂಜುಬುರುಕ ಎಂದು ನೀವು ನನ್ನನ್ನು ತಳ್ಳಿಹಾಕಬಾರದು.

ನನ್ನನ್ನು ಸಾಕಿದವಳು ನನ್ನ ಅಕ್ಕ ಹುಲಿಗೆಮ್ಮ. ನಾನಿನ್ನೂ ತೊದಲು ಮಾತಾಡುವ ಕೂಸಾಗಿದ್ದಾಗ ನಮ್ಮವ್ವ ಇದ್ದಿಲು ಸುಡಿಸುವ ಗುತ್ತೇದಾರನೊಬ್ಬನ ಆಳುಗಳಿಗೆ ರೊಟ್ಟಿ ಮಾಡಿಹಾಕಲು ಗುಡ್ಡಕ್ಕೆ ಹೋದಳಂತೆ. ಮಳೆಗಾಲ ಹತ್ತಿರವಾಗಿ ಆಳುಗಳೆಲ್ಲ ಇಳಿದು ಬಂದರು, ಅವ್ವ ಬರಲಿಲ್ಲ. "ನಿಮ್ಮಾಕಿ ಯಾರದೋ ಜೋಡಿ ಹೈದರಾಬಾದ್ ಕಡಿಗಿ ಹೋದ್ಲು" ಎಂದು ಗುತ್ತೇದಾರ ಹೇಳಿಕಳಿಸಿದ. ಅಪ್ಪ ಹುಡುಕಲು ಹೋಗಲಿಲ್ಲ. ಸಿಟ್ಟೋ, ನಾಚಿಕೆಯೋ, ಗೊತ್ತಿಲ್ಲ. ಅವ್ವನ ಹೆಸರು ಮನೆಯಲ್ಲಿ ಎತ್ತಬಾರದು ಎಂದಷ್ಟೇ ಹೇಳಿದ. ಆತ ಸಾಯುವವರೆಗೂ ಯಾರೂ ಎತ್ತಲಿಲ್ಲ.

ಇದರ ಏಟು ಬಿದ್ದದ್ದು ಅಕ್ಕನಿಗೆ. ಓಡಿಹೋದಾಕಿಯ ಮಗಳು ಎಂಬ ಒಂದೇ ಮಾತಿಗೆ ಅವಳಿಗೆ ಬಂದ ಸಂಬಂಧಗಳು ಮುರಿದುಬಿದ್ದವು. ಆಮೇಲೆ ಬರುವುದೇ ನಿಂತಿತು. ನನಗೆ ಸರ್ವೆ ಇಲಾಖೆಯಲ್ಲಿ ನೌಕರಿ ಸಿಕ್ಕು ರಾಯಚೂರಿನಲ್ಲಿ ಮನೆ ಮಾಡಿದಾಗ ಅಕ್ಕ ನನ್ನ ಜೊತೆ ಬಂದಳು. ಅವ್ವ ನಮ್ಮನ್ನು ಬಿಟ್ಟು ಹೋದಳೋ ಇಲ್ಲವೋ ಎಂಬುದು ನನಗೆ ಅಂಥ ದೊಡ್ಡ ಪ್ರಶ್ನೆಯಾಗಿರಲಿಲ್ಲ. ನನಗೆ ಅವ್ವನ ಮುಖವೇ ನೆನಪಿರಲಿಲ್ಲ. ಅಕ್ಕನಿಗೆ ಮಾತ್ರ ಅದು ಹಗಲಿರುಳಿನ ಪ್ರಶ್ನೆ ಎಂದು ನನಗೆ ತಿಳಿದದ್ದು ಆ ಗುಡ್ಡದ ಮೇಲೆ.

ಎಪ್ಪತ್ತರ ದಶಕದ ನಡುವೆ ಇರಬೇಕು, ದೇವದುರ್ಗದ ಕಡೆಯ ಗುಡ್ಡಗಳಲ್ಲಿ ಅರಣ್ಯದ ಸರಹದ್ದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಉಳಿಯಲು ಶಿಕಾರಿ ಖೋಲಿಗಳಿವೆ ಎಂದರು. ನಿಜಾಮರ ಕಾಲದಲ್ಲಿ ಯಾರೋ ಜಾಗೀರದಾರ ಬೇಟೆಗೆ ಬಂದಾಗ ತಂಗಲೆಂದು ಕಟ್ಟಿಸಿದವು. ಇದನ್ನು ಮನೆಯಲ್ಲಿ ಹೇಳಿದಾಗ ಅಕ್ಕ ಒಮ್ಮೆಲೇ, "ನಾನೂ ಬರ್ತೀನಿ. ಅಲ್ಲಿ ನಿನಗ ರೊಟ್ಟಿ ಯಾರು ಮಾಡಿಹಾಕ್ತಾರ?" ಎಂದಳು. ಸಂತೆಗೆ ಹೋಗೆಂದರೂ ಹತ್ತು ನೆಪ ಹೇಳುವ ಅಕ್ಕ ಕಾಡಿಗೆ ಹೊರಟಳಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಖೋಲಿಗಳು ಗುಡ್ಡದ ಹೆಗಲ ಮೇಲೆ ಒಂದೇ ಸಾಲಿನಲ್ಲಿದ್ದವು. ಕಾಡುಕಲ್ಲಿನ ಗೋಡೆ, ಮೇಲೆ ಕಲ್ಲಿನ ಹಾಸು, ಗಿಡ್ಡ ಬಾಗಿಲು. ತಲೆ ಬಗ್ಗಿಸದೆ ಒಳಗೆ ಹೋದರೆ ಹಣೆ ಒಡೆಯುವುದೇ. ಸುತ್ತ ಕಾರೆ, ಕಮರ, ಎಲ್ಲಿ ನೋಡಿದರೂ ಸೀತಾಫಲದ ಗಿಡ. ಹತ್ತಿರದ ಊರಿಗೆ ಇಳಿದು ಹೋಗಿ ಬರಲು ಅರ್ಧ ದಿನ ಬೇಕು. ಮೊದಲ ಖೋಲಿಯಲ್ಲಿ ನಾನು, ಅಕ್ಕ ಇದ್ದೆವು. ಪಕ್ಕದ್ದರಲ್ಲಿ ಅಳತೆಯ ಸರಪಳಿ, ದುರ್ಬೀನು ಇಟ್ಟಿದ್ದೆವು. ಕಡೆಯ ಖೋಲಿಯ ಹಾಸುಗಲ್ಲು ಅರ್ಧ ಕುಸಿದಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ, ಅಂಜಿಕೆಗಲ್ಲ, ಚೇಳು ಇರುತ್ತವೆ ಎಂದು. ಕಾವಲಿಗಿದ್ದವನು ಬೀರಪ್ಪ ಎಂಬ ಕುರಿಗಾರ ಮುದುಕ. ಅವನು ಸಂಜೆ ಕೆಳಗಿನ ತನ್ನ ಹಟ್ಟಿಗೆ ಹೋಗಿ ಬಿಸಿಲೇರಿದ ಮೇಲೆ ಬರುತ್ತಿದ್ದ.

ನಾವು ಹೋಗಿ ಕೆಲವು ದಿನಗಳಾಗಿದ್ದವು. ಒಂದು ಬೆಳಗಿನ ಜಾವ, ಇನ್ನೂ ನಸುಗತ್ತಲಿರುವಾಗ, ನನಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಯಿತು. ಅಕ್ಕ ಎದ್ದು ಒಲೆ ಹೊತ್ತಿಸಿದ್ದಾಳೆ ಎಂದುಕೊಂಡು ಕಂಬಳಿಯೊಳಗೇ ಮಲಗಿದ್ದೆ. ಬೆಚ್ಚಗೆ ಮಲಗಿ ರೊಟ್ಟಿ ಸಪ್ಪಳ ಕೇಳುವ ಸುಖ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಕ್ಕಾ, ಮೊದ್ಲ ಚಾ ಮಾಡ" ಎಂದು ಕೂಗಿದೆ. ಉತ್ತರ ಬರಲಿಲ್ಲ. ಸಪ್ಪಳ ನಡೆದೇ ಇತ್ತು. ಮತ್ತೆ ಕೂಗಿದೆ. ಆಗ ಎದುರಿನ ಬಾಗಿಲಲ್ಲಿ ಅಕ್ಕ ಬಂದಳು, ಟೊಂಕದ ಮೇಲೆ ತುಂಬಿದ ಕೊಡ. ಅವಳು ನೀರಿಗೆ ಬಂಡೆಯ ಹೊಂಡಕ್ಕೆ ಹೋಗಿದ್ದಳು. "ಯಾಕೋ, ಹಿಂಗ ಚೀರ್ತಿ?" ಎಂದಳು. ಅವಳು ಮಾತಾಡುವಾಗಲೂ ಕಡೆಯ ಖೋಲಿಯ ಕಡೆಯಿಂದ ನನಗೆ ಸಪ್ಪಳ ಸ್ಪಷ್ಟವಾಗಿ ಕೇಳುತ್ತಿತ್ತು.

ಬೀರಪ್ಪನ ಹೆಂಡತಿ ಬಂದಿರಬೇಕು ಎಂದು ನಾನು ಎದ್ದು ನಡೆದೆ. ಬಾಗಿಲ ಹತ್ತಿರ ಹೋಗುತ್ತಲೇ ಸಪ್ಪಳ ನಿಂತಿತು. ತಲೆ ಬಗ್ಗಿಸಿ ಒಳಗೆ ನೋಡಿದೆ. ಕುಸಿದ ಹಾಸಿನ ಸಂದಿಯಿಂದ ಬೆಳಕು ಬರುತ್ತಿತ್ತು. ಮೂಲೆಯಲ್ಲಿ ಮೂರು ಕಲ್ಲಿನ ಹಳೆಯ ಒಲೆ. ಒಲೆಯ ಬಾಯಲ್ಲಿ ಹುಲ್ಲು ಬೆಳೆದು ಒಣಗಿತ್ತು. ಜನ ಇರಲಿಲ್ಲ, ಹೆಜ್ಜೆಯ ಗುರುತಿರಲಿಲ್ಲ. ನನಗೆ ಅಂಜಿಕೆಯೇನೂ ಆಗಲಿಲ್ಲ, ನಿಜ ಹೇಳುತ್ತೇನೆ. ಗುಡ್ಡದಲ್ಲಿ ಸಪ್ಪಳ ಎಲ್ಲಿಂದೆಲ್ಲಿಗೋ ಹಾಯುತ್ತದೆ, ಕೆಳಗೆ ಯಾವುದೋ ಕುರಿಮಂದೆ ಇಳಿದಿರಬೇಕು ಎಂದುಕೊಂಡೆ.

ಹೊತ್ತೇರಿ ಬೀರಪ್ಪ ಬಂದಾಗ ಕೇಳಿದೆ. "ಈಗೆಲ್ಲಿ ಮಂದಿ ರೀ ಸಾಹೇಬ್ರ? ನಮ್ಮ ಕುರಿ ಎಲ್ಲಾ ಚೀಕಲಪರ್ವಿ ಕಡಿ ಹೊಳಿದಂಡಿಗಿ ಹೋಗ್ಯಾವ. ಈ ಗುಡ್ಡದ ಸುತ್ತ ಒಂದು ಒಲಿ ಹೊಗಿ ಕಾಣಂಗಿಲ್ಲ" ಎಂದ. ಆಮೇಲೆ, "ಆ ಖೋಲ್ಯಾಗ ಹಿಂದಕ ಇದ್ದಿಲಿನ ಮಂದಿ ರೊಟ್ಟಿ ಮಾಡ್ತಿದ್ರಂತ" ಎಂದು ಸೇರಿಸಿದ. ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕನನ್ನು ಕಾಡಿಸುವ ಹುಮ್ಮಸ್ಸು ನನಗೆ. "ಅಕ್ಕಾ, ನಿನಗಿಂತ ಚಲೋ ರೊಟ್ಟಿ ಬಡಿಯಾಕಿ ಒಬ್ಬಾಕಿ ಇಲ್ಲಿ ಅದಾಳ ನೋಡು" ಎಂದು ಹಿಟ್ಟಿನ ಪರಾತವನ್ನು ಬೋರಲು ಹಾಕಿ ಬಡಿದು ತೋರಿಸಿದೆ. ರೊಟ್ಟಿ ತಿನ್ನುವ ನಾಡಿನವರಿಗೆ ಇದು ಗೊತ್ತು. ಒಬ್ಬೊಬ್ಬ ಹೆಣ್ಣುಮಗಳ ಬಡಿತ ಒಂದೊಂದು ರೀತಿ. ಓಣಿಯಲ್ಲಿ ಹಾದು ಹೋಗುವಾಗ ಇದು ಸೊಸೆ, ಇದು ಅತ್ತೆ ಎಂದು ಸಪ್ಪಳದ ಮೇಲೇ ಹೇಳಬಹುದು. ಅಕ್ಕನದು ಬಿಡುವಿಲ್ಲದ ಒಂದೇ ಸಮದ ಬಡಿತ. ನಾನು ಕೇಳಿದ್ದು ಬೇರೆ: ಎರಡು ಪೆಟ್ಟು ಜೋರು, ಒಂದು ಹಗುರ, ಆಮೇಲೆ ಅಂಗೈಯಿಂದ ರೊಟ್ಟಿಯನ್ನು ಸರ್ರನೆ ಎಳೆದು ತಿರುಗಿಸಿದ ಸಪ್ಪಳ. ಮತ್ತೆ ಎರಡು ಜೋರು, ಒಂದು ಹಗುರ, ಸರ್ರನೆ ಎಳೆತ.

ಅಕ್ಕನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. "ಇನ್ನೊಮ್ಮಿ ಬಡಿ" ಎಂದಳು. ಬಡಿದೆ. "ಇದನ್ನ ನಿನಗ ಯಾರು ಕಲಿಸಿದ್ರು?"

"ಯಾರು ಕಲಿಸ್ತಾರ? ಮುಂಜಾನಿ ಕೇಳೀನಿ."

ಆಗ ಅಕ್ಕ ಹೇಳಿದಳು. ಅವ್ವನ ಬಲಗೈ ಹೆಬ್ಬೆರಳು ಕುಡುಗೋಲಿನ ಪೆಟ್ಟು ತಿಂದು ಸೆಟೆದುಹೋಗಿತ್ತಂತೆ. ಬೆರಳಲ್ಲಿ ರೊಟ್ಟಿ ತಿರುವಲು ಬಾರದೆ ಅಂಗೈಯಿಂದ ಎಳೆದು ತಿರುಗಿಸುತ್ತಿದ್ದಳಂತೆ. ಅವ್ವ ರೊಟ್ಟಿ ಮಾಡಲು ಬಂದದ್ದು ಇದೇ ಶಿಕಾರಿ ಖೋಲಿಗೆ. ಅಕ್ಕ ನನ್ನ ಹೊಟ್ಟೆಯ ಚಿಂತೆಗೆ ಬಂದಿರಲಿಲ್ಲ, ಅವ್ವ ಕೊನೆಗೆ ಇದ್ದ ಜಾಗವನ್ನು ಒಮ್ಮೆ ಕಣ್ಣಿಂದ ನೋಡಲು ಬಂದಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಮಾತು ನಮ್ಮ ನಡುವೆ ಬಂದಿರಲಿಲ್ಲ.

ನನ್ನ ಬುದ್ಧಿ ಸುಮ್ಮನಿರಲಿಲ್ಲ. ಆ ಸಂಜೆಯೇ ಬೀರಪ್ಪನನ್ನು ಇಳಿಜಾರಿನ ಬೇರೆ ಬೇರೆ ಕಡೆ ನಿಲ್ಲಿಸಿ ಪರಾತ ಬಡಿಸಿದೆ. ನಾನು ಖೋಲಿಯಲ್ಲಿ ಮಲಗಿ ಕಿವಿಗೊಟ್ಟೆ. ಎಲ್ಲಿಂದ ಬಡಿದರೂ ಕೇಳಲಿಲ್ಲ. ಮುದುಕ, ಸಾಹೇಬರಿಗೆ ಬಿಸಿಲು ಹತ್ತಿದೆ ಎಂದುಕೊಂಡಿರಬೇಕು.

ಮರುದಿನ ಜಾವಕ್ಕೆ ಅಕ್ಕ ನೀರಿಗೆ ಹೋಗಲಿಲ್ಲ. ಇಬ್ಬರೂ ನಮ್ಮ ಖೋಲಿಯ ಹೊಸ್ತಿಲ ಒಳಗೆ ಕೂತೆವು. ನಸುಗತ್ತಲು ಇದ್ದಾಗಲೇ ಸಪ್ಪಳ ಶುರುವಾಯಿತು. ನಾನು ಅಕ್ಕನ ಕಡೆ ನೋಡಿದೆ. ಅವಳು ಇನ್ನೂ ಕಾಯುತ್ತಲೇ ಇದ್ದಳು. "ಕೇಳವಲ್ದೇನು?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಕಿವಿಯ ಮೇಲಿನ ಸೆರಗು ಸರಿಸಿದಳು, ಉಸಿರು ಬಿಗಿಹಿಡಿದಳು, ಆದರೂ ಅವಳಿಗೆ ಕೇಳಲಿಲ್ಲ. ಅವ್ವನನ್ನು ಬಲ್ಲವಳು ಅವಳು, ಹಂಬಲಿಸಿದವಳು ಅವಳು, ಕೇಳುತ್ತಿದ್ದುದು ನನಗೆ. ಇಂಥ ಅನ್ಯಾಯ ಉಂಟೇ ಎಂದು ನನಗೆ ಅಳುವೇ ಬಂತು.

ಅಕ್ಕ ತನ್ನ ಅಂಗೈ ನನ್ನ ಮುಂದೆ ಚಾಚಿದಳು. "ಇದರ ಮ್ಯಾಲ ಬಡಿ, ತಮ್ಮಾ. ಆಕಿ ಹೆಂಗ ಬಡೀತಾಳ ಹಂಗ."

ಬಡಿದೆ. ಎರಡು ಜೋರು, ಒಂದು ಹಗುರ, ಎಳೆತ. ರೊಟ್ಟಿಯ ಮೇಲೆ ರೊಟ್ಟಿ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಬೆಳಕು ಹರಿಯುತ್ತ ಬಂದಂತೆ ಸಪ್ಪಳ ನಿಂತಿತು. ಮುಗಿಯಿತು ಎಂದು ನಾನು ಕೈ ತೆಗೆದೆ. ಅಷ್ಟರಲ್ಲಿ ಮತ್ತೆ ಶುರುವಾಯಿತು, ಈ ಸಲ ಬೇರೆಯೇ ರೀತಿ, ಬೆರಳ ತುದಿಯಿಂದ ಬಡಿದಷ್ಟು ಮೆಲ್ಲಗೆ, ಬೇಗ ಬೇಗ, ಎಳೆತವಿಲ್ಲದೆ. ಹಾಗೆಯೇ ಅಕ್ಕನ ಅಂಗೈ ಮೇಲೆ ಬಡಿದೆ. "ಇದು ಏನು? ಇದು ರೊಟ್ಟಿ ಬಡದಂಗ ಇಲ್ಲ" ಎಂದೆ.

ಅಕ್ಕ ನನ್ನ ಬೆರಳುಗಳನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಳು. "ಅದು ನಿನ್ನ ರೊಟ್ಟಿ."

ಎಲ್ಲ ರೊಟ್ಟಿ ಆದ ಮೇಲೆ ಪರಾತದಲ್ಲಿ ಉಳಿದ ಹಿಟ್ಟನ್ನು ಬಳಿದು ಅವ್ವ ಅಂಗೈಯಗಲ ಒಂದು ರೊಟ್ಟಿ ಬಡಿದು ನನಗೆ ಕೊಡುತ್ತಿದ್ದಳಂತೆ. ಅವ್ವ ಹೋದ ಮೇಲೆ ಅಕ್ಕ ಅದನ್ನು ಒಮ್ಮೆಯೂ ಮಾಡಿರಲಿಲ್ಲ, ಅದರ ಮಾತನ್ನೂ ಎತ್ತಿರಲಿಲ್ಲ. "ಬಿಟ್ಟು ಹೋದಾಕಿ ಆಗಿದ್ರ ನಿನ್ನ ರೊಟ್ಟಿ ಯಾಕ ಬಡೀತಿದ್ಲು? ಆಕಿ ಎಲ್ಲೀಗೂ ಹೋಗಿಲ್ಲ. ಇಲ್ಲೇ ಸತ್ತಾಳ" ಎಂದು ಅಕ್ಕ ಗಟ್ಟಿಯಾಗಿ ಅತ್ತಳು. ಅಕ್ಕ ಹಾಗೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬಿಸಿಲಾದ ಮೇಲೆ ಅವಳು ಕಡೆಯ ಖೋಲಿಗೆ ಹೋಗಿ ಒಲೆಯ ಹುಲ್ಲು ಕಿತ್ತು, ಬೆಂಕಿ ಹೊತ್ತಿಸಿ ರೊಟ್ಟಿ ಮಾಡಿದಳು. ಒಂದನ್ನು ಒಲೆಗಲ್ಲಿನ ಮುಂದೆ ಇಟ್ಟಳು. ಕೊನೆಯ ಹಿಟ್ಟಿನಲ್ಲಿ ಸಣ್ಣದೊಂದು ಬಡಿದು ಬೇಯಿಸಿ ನನ್ನ ಕೈಗೆ ಕೊಟ್ಟು, ಖಾಲಿ ಮೂಲೆಗೆ ಹೇಳಿದಳು, "ಯವ್ವಾ, ಇಂವ ದೊಡ್ಡಾಂವ ಆಗ್ಯಾನ. ನೌಕರಿ ಮಾಡ್ತಾನ. ನಾ ನೋಡ್ಕೊಂತೀನಿ. ಇನ್ನ ಸಾಕು ಬಿಡವ್ವಾ." ನಾನು ರೊಟ್ಟಿ ತಿಂದೆ. ಆಮೇಲೆ ಅಲ್ಲಿದ್ದಷ್ಟು ದಿನವೂ ಸಪ್ಪಳ ಕೇಳಲಿಲ್ಲ.

ಇದಕ್ಕೆ ನಾನು ನೂರು ರೀತಿ ಸಮಾಧಾನ ಹುಡುಕಿದ್ದೇನೆ. ಕೂಸಾಗಿದ್ದಾಗ ಕೇಳಿದ್ದು ಕಿವಿಯಲ್ಲಿ ಎಲ್ಲೋ ಉಳಿದು, ನಸುನಿದ್ದೆಯಲ್ಲಿ ಎದ್ದು ಬಂದಿರಬಹುದು. ಆದರೆ ಅದೇ ಗುಡ್ಡದಲ್ಲಿ, ಅವ್ವ ಅಲ್ಲಿದ್ದಳೆಂದೇ ನನಗೆ ಗೊತ್ತಿಲ್ಲದಾಗ ಏಕೆ ಬರಬೇಕು? ಎರಡನೆಯ ದಿನ ನಾನು ಪೂರ್ತಿ ಎಚ್ಚರವಾಗಿದ್ದೆನಲ್ಲ? ಅಕ್ಕನ ಸಮಾಧಾನಕ್ಕೆ ಕಟ್ಟಿ ಹೇಳಿದೆ ಎಂದು ನೀವು ಅನ್ನಬಹುದು. ಕಟ್ಟಿ ಹೇಳಲು ಆ ಸಣ್ಣ ರೊಟ್ಟಿಯ ಸಂಗತಿ ನನಗೆ ಗೊತ್ತಿರಬೇಕಿತ್ತು. ಎಂಬತ್ತರ ದಶಕದ ಕೊನೆಗೆ ಮಾನ್ವಿಯಲ್ಲಿ ಕೆಲಸದಲ್ಲಿದ್ದಾಗ ಒಬ್ಬನೇ ಆ ಗುಡ್ಡಕ್ಕೆ ಹೋಗಿ ಒಂದು ರಾತ್ರಿ ಉಳಿದು ಬಂದೆ. ಖೋಲಿಯ ಕಲ್ಲುಗಳನ್ನು ಯಾರೋ ಹೇರಿಕೊಂಡು ಹೋಗಿದ್ದರು. ಜಾವಕ್ಕೆ ಬೆಳವನ ಹಕ್ಕಿ ಕೂಗಿತು, ಅಷ್ಟೆ.

ಅಂದು ಅಳತೆಯ ಕೆಲಸ ಮುಗಿಸಿ ಗುಡ್ಡ ಇಳಿದ ದಿನ ಅಕ್ಕ ರಾಯಚೂರಿನ ಬಸ್ಸು ಹತ್ತಲಿಲ್ಲ, ಮಸರಕಲ್ಲಿಗೆ ನಡೆ ಎಂದಳು. ನಮ್ಮ ಓಣಿಯ ಬೇವಿನ ಮರದ ಕೆಳಗೆ ಮಂದಿ ಕೂತಿದ್ದರು. ನಡುವೆ ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಓಡಿಹೋದಾಕಿ ಎಂಬ ಮಾತನ್ನು ಹೆಚ್ಚು ಸಲ ಆಡಿದ ಬಾಯಿ ಅದೇ. ಅಕ್ಕ ಎಲ್ಲರೆದುರು ನಿಂತು, "ನಮ್ಮವ್ವ ನರಸಮ್ಮ ಓಡಿಹೋಗಿಲ್ಲ. ಗುಡ್ಡದಾಗ ತೀರಿಕೊಂಡಾಳ. ಆಕಿ ರೊಟ್ಟಿ ಬಡದಿದ್ದು ತಮ್ಮ ಕೇಳ್ಯಾನ" ಎಂದಳು. ಅವ್ವನ ಹೆಸರು ಅಕ್ಕನ ಬಾಯಿಂದ ನಾನು ಕೇಳಿದ್ದು ಅಂದೇ.

ಎಲ್ಲರೂ ನನ್ನ ಕಡೆ ತಿರುಗಿದರು. ಹುಣಸೆ ಮರಕ್ಕೆ ಅಂಗಿ ಒಣಗಹಾಕುತ್ತಿದ್ದವನು ನಾನೇ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ದೊಡ್ಡವ್ವ, "ಹೌದೇನೋ? ನೀ ದೆವ್ವ-ಗಿವ್ವ ನಂಬಾಂವ ಅಲ್ಲಲ್ಲ?" ಎಂದಳು.

ಅಕ್ಕ ನೆಲ ನೋಡುತ್ತ ನಿಂತಿದ್ದಳು. ಅವಳ ಇಡೀ ಬದುಕು ನನ್ನ ಒಂದು ಮಾತಿಗೆ ಕಾಯುತ್ತಿತ್ತು.

"ನಂಬಂಗಿಲ್ಲ ದೊಡ್ಡವ್ವ," ಎಂದೆ. "ಆದ್ರ ಕೇಳೀನಿ."

ದೊಡ್ಡವ್ವ, "ಸೆಟೆದ ಬೆರಳಾಗ ಪಾಪ, ಎಷ್ಟು ಮಂದೀಗಿ ಬಡದಾಳೋ ನರಸಮ್ಮ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕನನ್ನು ಕೈಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. ಆ ಓಣಿಯಲ್ಲಿ ಆ ಹಳೆಯ ಮಾತನ್ನು ಮತ್ತೆ ಯಾರೂ ಆಡಲಿಲ್ಲ.

ನಾನು ಕೇಳಿದ್ದು ಏನು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನೀವು ಕೇಳಿದರೂ ನನ್ನ ಉತ್ತರ ದೊಡ್ಡವ್ವನಿಗೆ ಕೊಟ್ಟದ್ದೇ. ಅಕ್ಕನಿಗೆ ಈಗ ಕಣ್ಣು ಮಂಜು. ಆದರೂ ರೊಟ್ಟಿ ಮಾಡಿದ ದಿನ ಪರಾತ ಬಳಿದು ಕೊನೆಗೆ ಒಂದು ಸಣ್ಣ ರೊಟ್ಟಿ ಬಡಿಯುತ್ತಾಳೆ. ಮನೆಯಲ್ಲಿ ಮಕ್ಕಳಿರಲಿ, ಮೊಮ್ಮಕ್ಕಳಿರಲಿ, ಅದನ್ನು ತಲೆ ನರೆತ ನನ್ನ ತಾಟಿಗೇ ಹಾಕುತ್ತಾಳೆ. ಬೇಡ ಎನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.